ಸಹಾಯ ಕೇಳುವ ವಿಡಿಯೋ ಅಸಲಿಯೋ ನಕಲಿಯೋ: ಮೋಟರ್ ಎತ್ತುವ ಮುಂಚೆ ನೋಡಬೇಕಾದ್ದು

ನಾನು ಶ್ರೀನಿವಾಸಪುರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ಫೋನು, ಕಂಪ್ಯೂಟರಿನ ವಿದ್ಯೆ ಓದಿದವನಲ್ಲ. ಆದರೆ ಮೋಟರ್ ಬಿಚ್ಚಿ ಹಾಕಿದ ಮೇಲೆ ತಂದವರು ಅಂಗಡಿ ಮುಂದಿನ ಬೆಂಚಿನ ಮೇಲೆ ಗಂಟೆಗಟ್ಟಲೆ ಕಾಯಬೇಕು. ಕಾಯುವವರ ಕೈಗೆ ಫೋನ್ ಬರುತ್ತೆ, ಫೋನಿನಲ್ಲಿ ವಿಡಿಯೋ ಬರುತ್ತೆ, ಆಮೇಲೆ ಪ್ರಶ್ನೆ ನನ್ನ ಕಡೆ ಬರುತ್ತೆ: "ಇದ್ನೊಂಚೂರು ನೋಡಣ್ಣ, ನಿಜಾನಾ ಇದು? ದುಡ್ಡು ಹಾಕ್‌ಬೋದಾ?"

ಹೋದ ಮಾವಿನ ಸೀಸನ್‌ನಲ್ಲಿ ಒಂದೇ ವಾರದಲ್ಲಿ ಎರಡು ಸಲ ತಪ್ಪು ಹೇಳಿದೆ. ಈ ಬರಹ ಹುಟ್ಟಿದ್ದು ಅಲ್ಲಿಂದ.

ಮೊದಲನೆಯದು ನಮ್ಮ ಮಂಡಿ ಯಜಮಾನರದು. ಸೀಸನ್‌ನಲ್ಲಿ ಅವರ ಕೈಯಲ್ಲಿ ದುಡ್ಡು ಓಡಾಡುತ್ತೆ, ಮನಸ್ಸೂ ದೊಡ್ಡದು. ಮೂಗಿಗೆ ನಳಿಕೆ ಹಾಕಿದ ಕೂಸಿನ ವಿಡಿಯೋ ತೋರಿಸಿ "ಒಂದು ಹತ್ತು ಸಾವಿರ ಹಾಕಣಾಂತಿದೀನಿ, ಏನಂತೀಯಪ್ಪ?" ಅಂದರು. ವಿಡಿಯೋ ಅಲ್ಲಾಡುತ್ತಿತ್ತು, ಧ್ವನಿ ಕಿತ್ತುಹೋಗುತ್ತಿತ್ತು, ಕೇಳಿದ್ದು 16 ಕೋಟಿ. ನಾನು ನಕ್ಕುಬಿಟ್ಟೆ. "16 ಕೋಟಿ ಔಷಧಿ ಎಲ್ಲಾದ್ರೂ ಐತಾ ಯಜಮಾನ್ರೇ? ಬಿಡಿ" ಅಂದೆ. ಬಿಟ್ಟರು. ನಾಲ್ಕು ದಿನದ ಮೇಲೆ ಬೆಂಗಳೂರಿನಲ್ಲಿ ಓದುವ ಅವರ ಮಗ ಬಂದು ತಿಳಿಸಿದ, ಅಂಥ ಔಷಧಿ ಇದೆ ಅಂತ. ಎಸ್‌ಎಂಎ ಎಂಬುದು ಹುಟ್ಟಿನಿಂದಲೇ ಬರುವ ನರದ ಕಾಯಿಲೆ, ಸ್ನಾಯುಗಳು ಸೊರಗುತ್ತಾ ಹೋಗುತ್ತವೆ. ಅದಕ್ಕೆ ಒಂದೇ ಸಲ ಕೊಡುವ ಜೊಲ್ಗೆನ್ಸ್ಮಾ ಎಂಬ ಜೀನ್ ಚಿಕಿತ್ಸೆಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು, ನಮ್ಮ ದುಡ್ಡಿನಲ್ಲಿ ಅದರ ಬೆಲೆಯನ್ನು ಸುಮಾರು 16 ಕೋಟಿ ಅಂತಲೇ ಹೇಳುತ್ತಾರೆ. ಆ ಕೂಸಿನ ಚಿಕಿತ್ಸೆ ನಡೆಯುತ್ತಿದ್ದ ಆಸ್ಪತ್ರೆಯನ್ನೂ ಅವನೇ ಹುಡುಕಿ ತೋರಿಸಿದ. ವಿಡಿಯೋ ನಿಜವಾಗಿತ್ತು.

ಎರಡನೆಯದು ಎದುರಿನ ಟೀ ಅಂಗಡಿ ಅಕ್ಕನದು. ಅವರು ತೋರಿಸಿದ ವಿಡಿಯೋ ಕನ್ನಡಿ ಹಾಗಿತ್ತು. ತಾಯಿ ಅಳುತ್ತಿದ್ದಾಳೆ, ಮಗು ಮಲಗಿದೆ, ಗೋಡೆ ಮೇಲೆ ವಾರ್ಡಿನ ಬೋರ್ಡು, ಎಲ್ಲವೂ ಸರಿ. "ಇದು ನಿಜಾನೇ ಅಕ್ಕ" ಅಂದೆ. 2,000 ರೂಪಾಯಿ ಹಾಕಿದರು. ಮಗು ನಿಜ, ಅಳು ನಿಜ, ಕೆಳಗೆ ಇದ್ದ ಕ್ಯೂಆರ್ ಕೋಡ್ ಮಾತ್ರ ಯಾರೋ ಕಳ್ಳನದು.

ಅಂದರೆ ನಾನು ಎರಡು ಸಲವೂ ನೋಡಿದ್ದು ಮುಖ. ನಮ್ಮ ಕಸುಬಿನಲ್ಲಿ ಇದನ್ನು ಹುಡುಗರಿಗೆ ಮೊದಲ ದಿನವೇ ಹೇಳಿಕೊಡುತ್ತೇವೆ: ಮನೆ ಬಲ್ಬು ಉರಿಯುತ್ತಿದೆ ಅಂದ ಮಾತ್ರಕ್ಕೆ ಮೋಟರಿಗೆ ಮೂರು ಫೇಸೂ ಬರುತ್ತಿದೆ ಅಂತ ಅಲ್ಲ. ಬಲ್ಬಿಗೆ ಒಂದು ಫೇಸ್ ಸಾಕು. ಸಹಾಯದ ವಿಡಿಯೋದಲ್ಲೂ ಕಥೆಯ ಲೈನ್ ಬೇರೆ, ದುಡ್ಡಿನ ಲೈನ್ ಬೇರೆ. ಕಥೆ ಸುಳ್ಳಾಗಿ ದುಡ್ಡು ಹೋಗುವುದಕ್ಕಿಂತ, ನಿಜವಾದ ಕಥೆಗೆ ಸುಳ್ಳು ಖಾತೆ ಜೋಡಿಸಿ ದುಡ್ಡು ಎಳೆಯುವುದು ಕಳ್ಳನಿಗೆ ಸುಲಭ. ಅಳುವ ತಾಯಿಯನ್ನು ಅವನು ಸೃಷ್ಟಿಸಬೇಕಿಲ್ಲ, ಕದ್ದರೆ ಸಾಕು.

ನಮ್ಮ ಕಡೆ ಬೋರ್‌ವೆಲ್ 1,200 ಅಡಿ, 1,500 ಅಡಿ. ನೀರು ಬರುತ್ತಿಲ್ಲ ಅಂದ ಕೂಡಲೇ ಗಾಡಿ ಕರೆಸಿ ಪೈಪು ಎತ್ತಿಸುವವನು ಸಾಲಕ್ಕೆ ಬೀಳುತ್ತಾನೆ. ಮೊದಲು ಫ್ಯೂಸು, ಆಮೇಲೆ ಸ್ಟಾರ್ಟರ್, ಆಮೇಲೆ ಕೇಬಲ್, ಕೊನೆಗೆ ಮೋಟರ್. ಮೇಲಿರುವುದನ್ನು, ಖರ್ಚಿಲ್ಲದೆ ನೋಡಬಹುದಾದ್ದನ್ನು ಮೊದಲು ನೋಡಬೇಕು. ವಿಡಿಯೋಗೂ ಅದೇ ಕ್ರಮ. ಮಗುವಿನ ಮುಖ ಕೊನೆಗೆ.

ಫ್ಯೂಸು: ಯಾರು ಕಳಿಸಿದರು, ಎಷ್ಟು ಕೈ ದಾಟಿ ಬಂತು

ವಾಟ್ಸಾಪ್‌ನಲ್ಲಿ ವಿಡಿಯೋ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಅಂತ ಅರ್ಥ. ಕಳಿಸಿದವರು ನಿಮ್ಮ ಸ್ವಂತ ಬಾವನೇ ಆಗಿರಲಿ, ಅವರಿಗೂ ಅದರ ಬುಡ ಗೊತ್ತಿಲ್ಲ. ಅವರನ್ನು ಕೇಳಬೇಕಾದ ಪ್ರಶ್ನೆ "ಇದು ನಿಜಾನಾ?" ಅಂತ ಅಲ್ಲ. ಅದಕ್ಕೆ ಎಲ್ಲರೂ "ನಿಜಾನೇ ಕಣೋ, ಪಾಪ" ಅಂತಾರೆ. "ಆ ಮನೆಯವರು ನಿಂಗೆ ಗೊತ್ತಾ?" ಅಂತ ಕೇಳಿ. ನೂರಕ್ಕೆ ತೊಂಬತ್ತು ಸಲ ಸಂಭಾಷಣೆ ಅಲ್ಲೇ ಮುಗಿಯುತ್ತೆ (ಈ ಲೆಕ್ಕ ನನ್ನ ಬೆಂಚಿನ ಲೆಕ್ಕ, ಯಾವ ಸರ್ವೆಯದೂ ಅಲ್ಲ).

"ಇವತ್ತು ರಾತ್ರಿ ಒಳಗೆ ಕಟ್ಟದಿದ್ದರೆ ಮಗು ಉಳಿಯಲ್ಲ" ಅನ್ನುವ ಮಾತು ವಿಡಿಯೋದಲ್ಲಿ ಇದ್ದರೆ, ಅದು ಯಾವತ್ತಿನ ರಾತ್ರಿ ಅಂತ ನೋಡಿ. ತಾರೀಖು ಇರುವುದೇ ಇಲ್ಲ. ವರ್ಷವಿಡೀ ಅದು "ಇವತ್ತು ರಾತ್ರಿ"ಯಾಗಿಯೇ ಸುತ್ತುತ್ತಿರುತ್ತೆ.

ಸ್ಟಾರ್ಟರ್: ದುಡ್ಡು ಯಾರ ಹೆಸರಿಗೆ ಹೋಗುತ್ತೆ

ಇದೇ ಮುಖ್ಯ. ಬೇರೆ ಏನೂ ನೋಡಲು ಪುರುಸೊತ್ತಿಲ್ಲದಿದ್ದರೆ ಇದೊಂದನ್ನು ನೋಡಿ.

ಫೋನ್‌ಪೇ, ಗೂಗಲ್ ಪೇ ಯಾವುದೇ ಇರಲಿ, ಕ್ಯೂಆರ್ ಸ್ಕ್ಯಾನ್ ಮಾಡಿದ ಕೂಡಲೇ ದುಡ್ಡು ಹೋಗುವುದಿಲ್ಲ. ಮೊತ್ತ ಹಾಕಿ, ಕಟ್ಟುತ್ತೇನೆ ಅಂತ ನೀವೇ ಒತ್ತಿ ಒಪ್ಪಿದ ಮೇಲೆ ಹೋಗುವುದು. ಹಾಗಾಗಿ ಸ್ಕ್ಯಾನ್ ಮಾಡಿ, ಹೆಸರು ಓದಿ, ಹಿಂದಕ್ಕೆ ಬನ್ನಿ. ಖರ್ಚು ಸೊನ್ನೆ. ವಿಡಿಯೋ ನಿಮ್ಮ ಫೋನಿನಲ್ಲೇ ಇದ್ದರೆ ಸ್ಕ್ರೀನ್‌ಶಾಟ್ ತೆಗೆದು, ಸ್ಕ್ಯಾನರಿನಲ್ಲಿ ಗ್ಯಾಲರಿಯಿಂದ ಆ ಚಿತ್ರ ಆರಿಸಿದರೂ ಆಗುತ್ತೆ.

ಮೊದಲು ಇಲ್ಲಿ ಒಂದು ತೊಂದರೆ ಇತ್ತು. ಖಾತೆದಾರ ತನಗೆ ಬೇಕಾದ ಹೆಸರು ಇಟ್ಟುಕೊಂಡರೆ ಕೆಲವು ಆ್ಯಪ್‌ಗಳು ಅದನ್ನೇ ತೋರಿಸುತ್ತಿದ್ದವು. 2025ರ ಜೂನ್ 30ರಿಂದ ಬ್ಯಾಂಕಿನ ದಾಖಲೆಯಲ್ಲಿ ಇರುವ ಹೆಸರನ್ನೇ ಪಾವತಿಗೆ ಮುಂಚೆ ತೋರಿಸಬೇಕು ಅಂತ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಎಲ್ಲ ಯುಪಿಐ ಆ್ಯಪ್‌ಗಳಿಗೂ ಕಟ್ಟಳೆ ಮಾಡಿದೆ. ಹಾಗಾಗಿ ಈಗ ಕಾಣುವ ಹೆಸರಿಗೆ ಬೆಲೆ ಇದೆ. ಆದರೆ ಯುಪಿಐ ಐಡಿಗೆ, ಅಂದರೆ '@' ಗುರುತಿಗಿಂತ ಮೊದಲು ಬರುವ ಅಕ್ಷರಗಳಿಗೆ, ಇವತ್ತೂ ಬೆಲೆ ಇಲ್ಲ. ಅಲ್ಲಿ 'ಸೇವ್‌ಬೇಬಿ', 'ಅನಾಥಾಶ್ರಮ' ಅಂತ ಯಾರು ಬೇಕಾದರೂ ಬರೆದುಕೊಳ್ಳಬಹುದು. 2020ರ ಮಾರ್ಚ್‌ನಲ್ಲಿ, ಕೊರೊನಾ ಶುರುವಾದಾಗ, ಪಿಎಂ ಕೇರ್ಸ್ ನಿಧಿಯ ಐಡಿಯಲ್ಲಿ ಕೊನೆಯ 'ಎಸ್' ಅಕ್ಷರ ಒಂದನ್ನು ಬಿಟ್ಟು ಸುಳ್ಳು ಐಡಿ ಹರಿಯಬಿಟ್ಟಿದ್ದರು. ಪ್ರಧಾನಿ ಹೆಸರಿನ ನಿಧಿಗೇ ಹೀಗೆ ಮಾಡಿದವರು ಮುಳಬಾಗಿಲಿನ ಮಗುವನ್ನು ಬಿಡುತ್ತಾರಾ?

ಹೆಸರು ಬಂತು. ಈಗ ಅದನ್ನು ವಿಡಿಯೋದಲ್ಲಿ ಕೇಳಿದ ಹೆಸರಿನ ಪಕ್ಕ ಇಡಿ. ವಿಡಿಯೋದಲ್ಲಿ ಟ್ರಸ್ಟ್ ಅಂತ ಹೇಳಿ ಖಾತೆ ಒಬ್ಬ ವ್ಯಕ್ತಿಯ ಹೆಸರಿನಲ್ಲಿದ್ದರೆ ಅಲ್ಲಿಗೇ ನಿಲ್ಲಿಸಿ, ಮುಂದಿನದು ನೋಡುವುದೇ ಬೇಡ. ತಂದೆಯ ಹೆಸರು ಒಂದು, ಖಾತೆಯಲ್ಲಿ ಯಾವುದೋ 'ಎಂಟರ್‌ಪ್ರೈಸಸ್', 'ಟ್ರೇಡರ್ಸ್' ಅಂತ ಬಂದರೂ ಹಾಗೇ. ಆದರೆ ತಂದೆಯ ಬದಲು ಬೇರೆ ವ್ಯಕ್ತಿಯ ಹೆಸರು ಬಂದರೆ ಅವಸರ ಪಡಬೇಡಿ. ನಮ್ಮ ಹಳ್ಳಿಗಳಲ್ಲಿ ಅಪ್ಪನ ಖಾತೆ ಸಾಲಕ್ಕೆ ಸಿಕ್ಕಿಕೊಂಡಿರುತ್ತೆ, ಅಮ್ಮನಿಗೆ ಸ್ಮಾರ್ಟ್‌ಫೋನ್ ಇರಲ್ಲ, ಸೋದರಮಾವನ ನಂಬರು ಹಾಕಿರುತ್ತಾರೆ. ಅದು ದೋಷ ಅಲ್ಲ, ಕೇಳಿ ತಿಳಿದುಕೊಳ್ಳಬೇಕಾದ ವಿಷಯ.

ಆಮೇಲೆ ಕ್ಯೂಆರ್ ಅಂಟಿಸಿದ್ದೋ ಅಂತ ನೋಡಿ. ಟೀ ಅಂಗಡಿ ಅಕ್ಕನ ವಿಡಿಯೋವನ್ನು ಎರಡನೇ ಸಲ ನಿಧಾನಕ್ಕೆ ಓಡಿಸಿದಾಗ ನನಗೆ ಕಂಡದ್ದು ಇದು: ಕ್ಯಾಮೆರಾ ಅಲ್ಲಾಡಿದಾಗ ಹಾಸಿಗೆ ಅಲ್ಲಾಡುತ್ತೆ, ಗೋಡೆ ಅಲ್ಲಾಡುತ್ತೆ, ಕೆಳಗಿನ ಪಟ್ಟಿಯ ಕ್ಯೂಆರ್ ಮಾತ್ರ ಕಲ್ಲಿನ ಹಾಗೆ ಕೂತಿದೆ. ಅದೊಂದರಿಂದಲೇ ಮೋಸ ಅನ್ನಲಾಗದು, ನಿಜವಾದವರೂ ಎಡಿಟ್ ಮಾಡಿಯೇ ಹಾಕುತ್ತಾರೆ. ಆದರೆ ಆ ಪಟ್ಟಿಯ ಅಂಚಿನಲ್ಲಿ ಇನ್ನೊಂದು ಪಟ್ಟಿಯ ಚೂರು ಇಣುಕುತ್ತಿತ್ತು, ಅರ್ಧ ಮುಚ್ಚಿದ ಹಳೇ ಫೋನ್ ನಂಬರು. ಸುಟ್ಟ ವೈಂಡಿಂಗ್ ಮೇಲೆ ಹೊಸ ವಾರ್ನಿಷ್ ಬಳಿದು ಮಾರಲು ತಂದ ಮೋಟರ್ ಹಾಗೆ. ಹಾಗಾಗಿ ವಿಡಿಯೋದ ಅಂಚುಗಳನ್ನು ದೊಡ್ಡದು ಮಾಡಿ ನೋಡಿ. ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಅದೇ ವಿಡಿಯೋದ ಇನ್ನೊಂದು ಪ್ರತಿ ಹುಡುಕಿ. ಎರಡು ಪ್ರತಿಯಲ್ಲಿ ಎರಡು ಖಾತೆ ಇದ್ದರೆ, ಹಳೆಯದು ಯಾವುದು ಅಂತ ತಾರೀಖು ನೋಡಿ.

ಕೇಬಲ್: ಆಸ್ಪತ್ರೆಗೇ ಕಟ್ಟುತ್ತೇನೆ ಅಂತ ಹೇಳಿ

ಖಾತೆ ಮೇಲೆ ಸಂಶಯ ಬಂದಾಗಲೂ ಬಾರದಿದ್ದಾಗಲೂ ನಾನು ಈಗ ಮಾಡುವ ಪರೀಕ್ಷೆ ಒಂದೇ ಒಂದು ಮಾತಿನದು. ವಿಡಿಯೋದಲ್ಲಿರುವ ನಂಬರಿಗೆ ಫೋನ್ ಮಾಡಿ ಹೇಳುವುದು: "ಅಣ್ಣ, ದುಡ್ಡು ಕೊಡ್ತೀವಿ. ಆಸ್ಪತ್ರೆ ಖಾತೆಗೇ ಕಟ್ತೀವಿ. ಮಗು ಐಪಿ ನಂಬರ್ ಹೇಳಿ."

ಒಳರೋಗಿಯಾಗಿ ಸೇರಿದ ಪ್ರತಿಯೊಬ್ಬರಿಗೂ ಆಸ್ಪತ್ರೆ ಒಂದು ಐಪಿ ನಂಬರ್ ಕೊಟ್ಟಿರುತ್ತೆ. ಬಿಲ್ಲು, ಲ್ಯಾಬ್ ರಿಪೋರ್ಟು, ಎಸ್ಟಿಮೇಟು ಎಲ್ಲದರ ಮೇಲೂ ಅದು ಇರುತ್ತೆ. ನಿಜವಾದ ಅಪ್ಪನಿಗೆ ಅದು ಬಾಯಿಪಾಠವಾಗಿರುತ್ತೆ, ಯಾಕಂದರೆ ದಿನಕ್ಕೆ ಹತ್ತು ಸಲ ಕೌಂಟರಿನಲ್ಲಿ ಅದನ್ನು ಹೇಳಿಯೇ ಅವನು ಬದುಕುತ್ತಿರುತ್ತಾನೆ. ಕಳ್ಳನ ಉತ್ತರಗಳು ಬೇರೆ ಥರ. "ಆಸ್ಪತ್ರೆಯವರು ಆನ್‌ಲೈನ್ ತಗೊಳಲ್ಲ", "ಅಲ್ಲಿ ಕಟ್ಟಿದ್ರೆ ಕಮಿಷನ್ ಹಿಡೀತಾರೆ", "ಔಷಧಿ ಹೊರಗಿಂದ ತರಬೇಕು, ನನ್ ಖಾತೆಗೇ ಹಾಕಿ". ಕೊನೆಯ ಮಾತಿನಲ್ಲಿ ಎಚ್ಚರ ಬೇಕು, ಅದು ಎಷ್ಟೋ ಸಲ ನಿಜ. ಹೊರಗಿನ ಔಷಧಿ ಆದರೆ ಚೀಟಿ ಕಳಿಸಿ ಅನ್ನಿ, ಯಾವ ಮೆಡಿಕಲ್ ಸ್ಟೋರ್ ಅಂತ ಕೇಳಿ ಅಂಗಡಿಯವರಿಗೇ ಕಟ್ಟಿ. ಸಿಟ್ಟಾದರು ಅಂತ ಮಾತ್ರಕ್ಕೆ ಕಳ್ಳರು ಅನ್ನಬೇಡಿ. ಮೂರು ರಾತ್ರಿ ನಿದ್ದೆಯಿಲ್ಲದೆ ವಾರ್ಡಿನ ಹೊರಗೆ ನೆಲದ ಮೇಲೆ ಮಲಗಿದವನಿಗೆ ನೂರನೇ ಫೋನು ಬಂದರೆ ಅವನೂ ರೇಗುತ್ತಾನೆ. ರೇಗಿ ಆದಮೇಲೆ ನಂಬರು ಹೇಳುತ್ತಾನೆ, ಅಷ್ಟೇ ವ್ಯತ್ಯಾಸ.

ಐಪಿ ನಂಬರು ಸಿಕ್ಕ ಮೇಲೆ ಆಸ್ಪತ್ರೆಗೆ ಫೋನ್ ಮಾಡಿ. ಅವರು ಕಳಿಸಿದ ಪತ್ರದ ಮೇಲಿನ ನಂಬರಿಗಲ್ಲ. ಆಸ್ಪತ್ರೆಯ ಸ್ವಂತ ವೆಬ್‌ಸೈಟಿನಲ್ಲಿರುವ ನಂಬರಿಗೆ. ಪತ್ರವೇ ಸುಳ್ಳಾದರೆ ಪತ್ರದಲ್ಲಿರುವ ಫೋನು ಕಳ್ಳನ ತಮ್ಮನ ಹತ್ತಿರ ಇರುತ್ತೆ. ಕಾಯಿಲೆ ಏನು, ಹೇಗಿದೆ ಅಂತ ಕೇಳಬೇಡಿ, ಅವರು ಹೇಳುವುದಿಲ್ಲ, ಹೇಳಲೂಬಾರದು. ಬಿಲ್ಲಿಂಗ್ ಕೌಂಟರಿಗೆ ಕನೆಕ್ಟ್ ಮಾಡಿಸಿಕೊಂಡು "ಈ ಐಪಿ ನಂಬರಿಗೆ ಹೊರಗಿನಿಂದ ದುಡ್ಡು ಕಟ್ಟಬಹುದಾ?" ಅಂತ ಮಾತ್ರ ಕೇಳಿ. ಹತ್ತಿರದವರಾದರೆ ಇನ್ನೂ ಸುಲಭ. ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಯೋ, ಟಮಕದ ಮೆಡಿಕಲ್ ಕಾಲೇಜಿನದೋ ಅಂತ ವಿಡಿಯೋ ಹೇಳಿದರೆ, ನಮ್ಮೂರಿನಿಂದ ಕೋಲಾರಕ್ಕೆ ದಿನಾ ಹೋಗಿ ಬರುವವರು ಒಬ್ಬರಾದರೂ ಇರುತ್ತಾರೆ.

ಬಿಲ್ಲಿನ ಚಿತ್ರ ಇದ್ದರೆ ಲೆಕ್ಕ ಕೂಡಿ. ನಗಬೇಡಿ, ಒಂದು ಸುಳ್ಳು ಬಿಲ್ಲು ಸಿಕ್ಕಿಬಿದ್ದದ್ದು ನಮ್ಮ ಅಂಗಡಿಯಲ್ಲಿ ಹಾಗೇ. ಸಾಲುಗಳನ್ನು ಕೂಡಿದರೆ ಕೆಳಗಿನ ಮೊತ್ತಕ್ಕೆ 40,000 ಕಮ್ಮಿ ಬಂತು. ವೈದ್ಯರ ಸಹಿಯ ಕೆಳಗೆ ನೋಂದಣಿ ಸಂಖ್ಯೆ ಇರುತ್ತೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಅದನ್ನು ಹೆಸರಿನೊಂದಿಗೆ ಹೋಲಿಸಿ ನೋಡಬಹುದು.

ಇಲ್ಲೇ ಒಂದು ಮಾತು. "ಬಿಪಿಎಲ್ ಕಾರ್ಡ್ ಐತಲ್ಲ, ಸರ್ಕಾರನೇ ಕೊಡ್ತದೆ, ಇವ್ರಿಗ್ಯಾಕೆ ದುಡ್ಡು?" ಅಂತ ಬೆಂಚಿನ ಮೇಲೆ ಒಬ್ಬರಾದರೂ ಹೇಳುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು, ನಿಜ. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ 2021ರಲ್ಲಿ ಬಂದು, ಈಗ ಗೊತ್ತುಪಡಿಸಿದ ಕೇಂದ್ರಗಳ ಮೂಲಕ ರೋಗಿಯೊಬ್ಬರಿಗೆ 50 ಲಕ್ಷದವರೆಗೆ ನೆರವಿಗೆ ಅವಕಾಶ ಇದೆ. ಆದರೆ 16 ಕೋಟಿಯ ಮುಂದೆ 50 ಲಕ್ಷ ಎಷ್ಟು? ಪಟ್ಟಿಯಲ್ಲಿಲ್ಲದ ಚಿಕಿತ್ಸೆ, ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಉಳಿಯುವ ಖರ್ಚು, ಬಿಟ್ಟುಹೋದ ಕೂಲಿ, ಇವು ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಕಾರ್ಡ್ ಇರುವುದು ಮೋಸದ ಗುರುತಲ್ಲ. ಆದರೆ "ಕಾರ್ಡಿನಲ್ಲಿ ಎಷ್ಟು ಆಯ್ತು, ಎಷ್ಟು ಉಳೀತು?" ಅಂತ ಕೇಳಿದರೆ ನಿಜವಾದವರು ಲೆಕ್ಕ ಹೇಳುತ್ತಾರೆ. ಕಾರ್ಡಿನ ಬಗ್ಗೆ ಗೊತ್ತೇ ಇಲ್ಲದ ಮನೆಯಾದರೆ ದುಡ್ಡಿಗಿಂತ ಮುಂಚೆ ಕಾರ್ಡಿನ ಕೆಲಸಕ್ಕೆ ನೆರವಾಗಲು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರ ಹತ್ತಿರ ಕಳಿಸಿ, ಅದೇ ದೊಡ್ಡ ದಾನ.

ಮೋಟರ್: ಕಥೆಯನ್ನೇ ಬಿಚ್ಚಿ ನೋಡುವುದು

ಎಲ್ಲರೂ ಮೊದಲು ಕೈ ಹಾಕುವುದು ಇಲ್ಲಿಗೆ. ನಾನು ಕೊನೆಗೆ ಇಟ್ಟಿರುವುದು ಯಾಕೆಂದರೆ ಇಲ್ಲಿ ಕಷ್ಟ ಜಾಸ್ತಿ, ಸಿಗುವ ಉತ್ತರ ಕಮ್ಮಿ.

ಊರಿನ ಹೆಸರು ಹೇಳಿದ ವಿಡಿಯೋ ಆದರೆ ಇದಕ್ಕಿಂತ ಸುಲಭ ಇಲ್ಲ. ಆ ಊರಿನ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರು, ಪಂಚಾಯಿತಿ ಮೆಂಬರು, ಹಾಲಿನ ಡೇರಿ ಸೆಕ್ರೆಟರಿ, ಈ ನಾಲ್ವರಲ್ಲಿ ಒಬ್ಬರಿಗೆ ಗೊತ್ತಿಲ್ಲದ ಕಾಯಿಲೆ ನಮ್ಮ ತಾಲ್ಲೂಕಿನಲ್ಲಿ ಇಲ್ಲ. ಎರಡು ಫೋನಿನಲ್ಲಿ ವಿಷಯ ಇತ್ಯರ್ಥ. ಕೋಲಾರ ಜಿಲ್ಲೆ ಅಂತ ಮಾತ್ರ ಹೇಳಿ ಊರು ಹೇಳದ ವಿಡಿಯೋ ಬಂದರೆ, ಊರು ಯಾಕೆ ಹೇಳಿಲ್ಲ ಅನ್ನುವುದೇ ಮೊದಲ ಪ್ರಶ್ನೆ.

ಕಿವಿ ಕೊಡಿ. ಮುಳಬಾಗಿಲು ಕಡೆಯ ಕುಟುಂಬ ಅಂತ ಒಂದು ವಿಡಿಯೋ ಬಂದಿತ್ತು. ಹಿನ್ನೆಲೆಯ ಹೆಣ್ಣುದನಿ ರೇಡಿಯೋ ವಾರ್ತೆ ಹಾಗೆ ನುಣ್ಣಗೆ "ತಾವೆಲ್ಲರೂ ಉದಾರ ಮನಸ್ಸಿನಿಂದ ಕೈಜೋಡಿಸಬೇಕಾಗಿ ವಿನಂತಿ" ಅನ್ನುತ್ತಿತ್ತು. ನಮ್ಮ ಕಡೆ ಕನ್ನಡದಲ್ಲಿ ಅರ್ಧ ತೆಲುಗು ಇರುತ್ತೆ. ಕಷ್ಟದಲ್ಲಿರುವ ತಾಯಿ "ಏನಾನ ಮಾಡಿ ಸಾಮಿ, ನಮ್ಕೈಲಾಗಲ್ಲ" ಅಂತಾಳೆ, ವಿನಂತಿ ಅನ್ನಲ್ಲ. ಹಿನ್ನೆಲೆ ದನಿ ಬೇರೆಯವರದ್ದಿರಬಹುದು, ಸರಿ. ಆದರೆ ದನಿಯ ಅಡಿಯಲ್ಲಿ ತಾಯಿಯ ತುಟಿ ಆಡುತ್ತಿತ್ತಲ್ಲ, ಅದನ್ನು ಯಾಕೆ ಕೇಳಿಸಲಿಲ್ಲ? ಶಬ್ದ ಪೂರ್ತಿ ತೆಗೆದು ಸಂಗೀತ ತುಂಬಿದ್ದರೆ, ಮೂಲ ಭಾಷೆ ಬೇರೆ ಇರಬಹುದು ಅಂತ ಅನುಮಾನಿಸಿ.

ಕಣ್ಣಿಗೆ ಕೆಲಸ ಕೊಡುವುದಾದರೆ, ಮುಖ ಬಿಟ್ಟು ಸುತ್ತಲೂ ನೋಡಿ: ಗೋಡೆಯ ಬೋರ್ಡಿನ ಭಾಷೆ, ಬೆಡ್‌ಶೀಟಿನ ಮೇಲಿನ ಆಸ್ಪತ್ರೆ ಹೆಸರು, ಕ್ಯಾಲೆಂಡರು. ಒಳ್ಳೆಯ ಚೌಕಟ್ಟಿನಲ್ಲಿ ವಿಡಿಯೋ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಡಿ. ಅದೇ ಚಿತ್ರ ಮೂರು ವರ್ಷದ ಹಿಂದೆ ಬೇರೆ ರಾಜ್ಯದ, ಬೇರೆ ಹೆಸರಿನ ಮಗುವಿನದಾಗಿ ಸಿಕ್ಕರೆ ಕೆಲಸ ಮುಗಿಯಿತು. ಏನೂ ಸಿಗದಿದ್ದರೆ ಏನೂ ಮುಗಿಯಲಿಲ್ಲ, ಅಷ್ಟೇ. ಒಂದೇ ಚಿತ್ರ ಕೊಟ್ಟು ಸುಮ್ಮನಾಗಬೇಡಿ, ಮೂರು ನಾಲ್ಕು ಬೇರೆ ಬೇರೆ ಜಾಗದಲ್ಲಿ ನಿಲ್ಲಿಸಿ ಕೊಡಿ.

ಎಐ ವಿಡಿಯೋ ಪತ್ತೆಗೆ ಬೆರಳು ಎಣಿಸಿ, ಹಲ್ಲು ನೋಡಿ ಅಂತ ಹೇಳುವವರಿದ್ದಾರೆ. ನಾನು ಅದನ್ನು ನೆಚ್ಚುವುದಿಲ್ಲ. ಮಾನಿಟರಿನ ಅಂಕಿಗಳು ಕಲಸುಮೇಲೋಗರವಾಗಿದ್ದರೆ, ಬೋರ್ಡಿನ ಕನ್ನಡ ಅಕ್ಷರ ಜಿಲೇಬಿಯಾಗಿದ್ದರೆ ಸುಳ್ಳು ಅನ್ನಬಹುದು. ಸರಿಯಾಗಿದ್ದರೆ ಅಸಲಿ ಅನ್ನಲಾಗದು. ಆ ತಂತ್ರ ತಿಂಗಳಿಗೊಂದು ಸಲ ಸುಧಾರಿಸುತ್ತಿದೆ, ನಮ್ಮ ಕಣ್ಣು ಸುಧಾರಿಸುತ್ತಿಲ್ಲ. ಖಾತೆಯ ಹೆಸರನ್ನು ಮಾತ್ರ ಯಾವ ಎಐಯೂ ಬದಲಿಸಲಾರದು. ನಾನು ಮತ್ತೆ ಮತ್ತೆ ಸ್ಟಾರ್ಟರ್ ಹತ್ತಿರ ಹೋಗುವುದು ಅದಕ್ಕೇ.

ಟ್ರಸ್ಟು, ಆಶ್ರಮ, ಗೋಶಾಲೆ ಅಂತ ಬಂದರೆ

"ನಮ್ಮದು ರಿಜಿಸ್ಟರ್ಡ್ ಟ್ರಸ್ಟ್" ಅನ್ನುವ ಮಾತಿಗೆ ಮರುಳಾಗಬೇಡಿ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ಪತ್ರ ನೋಂದಾಯಿಸಿದ್ದಾರೆ ಅಂತ ಮಾತ್ರ ಅದರ ಅರ್ಥ. ಅನ್ನ ಹಾಕುತ್ತಾರೋ ಇಲ್ಲವೋ ಯಾರೂ ಬಂದು ನೋಡಿರುವುದಿಲ್ಲ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ಹೆಸರಿದ್ದರೆ ಪದಾಧಿಕಾರಿಗಳು ಯಾರು ಅಂತ ತಿಳಿಯಬಹುದು, ಆದರೆ ಅದೂ ಸರ್ಕಾರದ ಮೆಚ್ಚುಗೆ ಪತ್ರ ಅಲ್ಲ.

ನನಗೆ ನೆಚ್ಚಿಕೆ ಇರುವುದು ರಸೀದಿಯ ಪ್ರಶ್ನೆಯಲ್ಲಿ. 80ಜಿ, ಅಂದರೆ ದಾನಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿ, ಇದೆ ಅಂತ ಹೇಳಿಕೊಳ್ಳುವ ಸಂಸ್ಥೆ, ದಾನಿಗಳ ವಿವರವನ್ನು ಫಾರಂ 10ಬಿಡಿಯಲ್ಲಿ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ, ದಾನಿಗೆ ಫಾರಂ 10ಬಿಇ ಪ್ರಮಾಣಪತ್ರ ಕೊಡಬೇಕು ಅನ್ನುವ ಕಟ್ಟಳೆ 2021–22ರ ಆರ್ಥಿಕ ವರ್ಷದಿಂದ ಬಂತು. ಹಾಗಾಗಿ "ನಮಗೆ ದಾನದ ಪ್ರಮಾಣಪತ್ರ ಬೇಕು, ಪ್ಯಾನ್ ನಂಬರ್ ಕೊಡ್ತೀವಿ" ಅಂತ ಕೇಳಿ. ನಿಜವಾದ ಸಂಸ್ಥೆಯ ಗುಮಾಸ್ತರು ಪ್ಯಾನ್ ಬರೆದುಕೊಳ್ಳುತ್ತಾರೆ. ಸುಳ್ಳು ಸಂಸ್ಥೆಯವರು "80ಜಿ ಸರ್ಟಿಫಿಕೇಟ್ ವಾಟ್ಸಾಪ್ ಮಾಡ್ತೀವಿ ಸರ್" ಅಂತ ಯಾರದ್ದೋ ಹಳೇ ಪತ್ರದ ಫೋಟೋ ಕಳಿಸುತ್ತಾರೆ. ನಗದು ಕೊಡುವುದಾದರೆ 2,000 ರೂಪಾಯಿ ಮೀರಿದ ನಗದಿಗೆ ಈ ತೆರಿಗೆ ವಿನಾಯಿತಿ ಇಲ್ಲ. ಐದು ಸಾವಿರ ನಗದು ತಗೊಂಡು "ಟ್ಯಾಕ್ಸ್ ಬೆನಿಫಿಟ್ ಐತೆ" ಅಂದರೆ ಅವರಿಗೆ ಕಾನೂನು ಗೊತ್ತಿಲ್ಲ, ಇಲ್ಲ ನಿಮಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ.

ಅಮೆರಿಕದ ಪೌರತ್ವ ತಗೊಂಡ ನೆಂಟರು ಡಾಲರ್ ಕಳಿಸಬೇಕು ಅಂದರೆ ಇನ್ನೊಂದು ಗುರುತು ಇದೆ. ಟ್ರಸ್ಟುಗಳು ವಿದೇಶಿ ದೇಣಿಗೆಯನ್ನು ಪಡೆಯಬೇಕಾದ ಎಫ್‌ಸಿಆರ್‌ಎ ಖಾತೆ ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯಲ್ಲೇ ಇರಬೇಕು. 2020ರ ತಿದ್ದುಪಡಿಯಿಂದ ಹೀಗಿದೆ. ಊರಿನ ಶಾಖೆಯ ಖಾತೆ ಕೊಟ್ಟು ಡಾಲರ್ ಹಾಕಿ ಅಂದರೆ ಬೇಡ ಅನ್ನಿ.

ದೇಣಿಗೆ ಸಂಗ್ರಹದ ತಾಣಗಳು, ಅಂದರೆ ಮಿಲಾಪ್, ಕೆಟ್ಟೊ ಥರದವು ಆದರೆ ವಿಡಿಯೋ ಕೆಳಗಿನ ಲಿಂಕನ್ನು ಒತ್ತದೆ ತಾಣಕ್ಕೆ ನೀವೇ ಹೋಗಿ ಹೆಸರು ಹುಡುಕಿ. ಕಟ್ಟುವಾಗ ತಾಣಕ್ಕೆ ಅಂತ 'ಟಿಪ್' ಮೊದಲೇ ಸೇರಿರುತ್ತೆ. ಅದು ಮೋಸ ಅಲ್ಲ, ಬೇಡವಾದರೆ ತೆಗೆಯಬಹುದು.

ಕೊಡುವುದನ್ನೇ ತೋರಿಸುವ ವಿಡಿಯೋಗಳು

ಅಜ್ಜಿಗೆ ಅಕ್ಕಿ ಮೂಟೆ ಕೊಟ್ಟು, ಅಜ್ಜಿ ಅಳುವುದನ್ನು ಹತ್ತಿರದಿಂದ ತೆಗೆದು, ಕೊನೆಗೆ "ಇಂಥ ಸೇವೆಗೆ ನೀವೂ ಕೊಡಿ" ಅನ್ನುವವು. ಹೆಬ್ಬಾವಿನ ಬಾಯಿಂದ ನಾಯಿಮರಿ ಬಿಡಿಸುವವೂ ಇದೇ ಜಾತಿ; ಪ್ರಾಣಿಯನ್ನು ತಾವೇ ಅಪಾಯಕ್ಕೆ ದೂಡಿ ತಾವೇ ಕಾಪಾಡುವ ವಿಡಿಯೋಗಳನ್ನು ತೆಗೆದುಹಾಕುತ್ತೇವೆ ಅಂತ ಯೂಟ್ಯೂಬ್ 2021ರಲ್ಲೇ ಹೇಳಬೇಕಾಯಿತು. ಒಂದು ಪ್ರಶ್ನೆ ಸಾಕು: ಕಷ್ಟ ಶುರುವಾಗುವ ಮುಂಚೆಯೇ ಕ್ಯಾಮೆರಾ ಅಲ್ಲಿಗೆ ಹೇಗೆ ಬಂತು?

ಸಿದ್ದಗಂಗೆಯಲ್ಲಿ ದಾಸೋಹ ನೋಡಿ ಬಂದವರಿಗೆ ಇನ್ನೊಂದು ವ್ಯತ್ಯಾಸ ಗೊತ್ತಿರುತ್ತೆ. ಅಲ್ಲಿ ಯಾರು ಬೇಕಾದರೂ ಹೋಗಿ ಪಂಕ್ತಿಯಲ್ಲಿ ಕೂರಬಹುದು, ಒಲೆಯ ಹೊಗೆ ಕಾಣುತ್ತೆ. ನಿಮ್ಮ ವಿಡಿಯೋದ ಆಶ್ರಮಕ್ಕೆ "ಭಾನುವಾರ ಬರ್ತೀವಿ, ಊಟ ಅಲ್ಲೇ" ಅಂತ ಹೇಳಿ ನೋಡಿ.

ಸುಟ್ಟುಹೋದ ಮೇಲೆ

ದುಡ್ಡು ಹೋಗಿದೆ ಅಂತ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಳೆ ಬೆಳಿಗ್ಗೆ ಅಲ್ಲ, ಈಗ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುಂಚೆ ತಡೆಹಿಡಿಯುವುದು ಆ ನಂಬರಿನ ಕೆಲಸ. ಯುಪಿಐ ಆ್ಯಪಿನ ಹಿಸ್ಟರಿಯಲ್ಲಿ 12 ಅಂಕಿಯ ಯುಟಿಆರ್ ನಂಬರ್, ಅಂದರೆ ಆ ಪಾವತಿಯ ಗುರುತಿನ ಸಂಖ್ಯೆ, ಇರುತ್ತೆ, ಅದನ್ನು ಮುಂದೆ ಇಟ್ಟುಕೊಂಡೇ ಫೋನ್ ಮಾಡಿ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು, ನಿಮ್ಮ ಬ್ಯಾಂಕಿಗೆ ಒಂದು ಪತ್ರ, ಮೊತ್ತ ದೊಡ್ಡದಾದರೆ ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆ. ವಿಡಿಯೋ ಅಳಿಸಬೇಡಿ. ಸಿಟ್ಟಿಗೆ ಅಳಿಸುವವರೇ ಜಾಸ್ತಿ, ಸಾಕ್ಷಿ ಅದೇ.

ಇನ್ನೆರಡು ದಿನದಲ್ಲಿ "ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ" ಅಂತ ಯಾರಾದರೂ ಫೋನ್ ಮಾಡಬಹುದು. ದುಡ್ಡು ಬರಲು ಪಿನ್ ಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಬೇಕಿಲ್ಲ, ಸ್ಕ್ರೀನ್ ತೋರಿಸುವ ಆ್ಯಪ್ ಬೇಕಿಲ್ಲ. ಇದರಲ್ಲಿ ಯಾವುದು ಕೇಳಿದರೂ ಫೋನ್ ಇಡಿ.

ನೂರು ರೂಪಾಯಿಯ ವಾದ

ಮಂಡಿ ಯಜಮಾನರಿಗೆ ಇದೆಲ್ಲ ಹೇಳಿದಾಗ ಅವರು ಒಪ್ಪಲಿಲ್ಲ. "ಅಷ್ಟೆಲ್ಲ ಯಾರು ನೋಡ್ತಾರಪ್ಪ? ನೂರ್ರೂಪಾಯಿ ಹಾಕಿ ಸುಮ್ನಾಗೋದು. ಸುಳ್ಳಾದ್ರೆ ಅವ್ನ ಪಾಪ ಅವ್ನಿಗೆ." ನೂರು ರೂಪಾಯಿಗೆ ಹೆದರುವವರಲ್ಲ ಅವರು, ಅದು ಗೊತ್ತು. ನನ್ನ ತಕರಾರು ಬೇರೆ. ನೂರು ರೂಪಾಯಿಯವರ ಮೇಲೆಯೇ ಈ ದಂಧೆ ನಿಂತಿರುವುದು. ಹತ್ತು ಸಾವಿರ ಕೊಡುವವರು ವಿಚಾರಿಸುತ್ತಾರೆ, ಕಳೆದುಕೊಂಡರೆ ದೂರು ಕೊಡುತ್ತಾರೆ. ನೂರು ಹಾಕಿದವರು ಎರಡನ್ನೂ ಮಾಡುವುದಿಲ್ಲ. ಯಜಮಾನರು ಇವತ್ತಿಗೂ ಹಾಕುತ್ತಾರೆ, ನಾನು ಇವತ್ತಿಗೂ ಗೊಣಗುತ್ತೇನೆ. ಆದರೆ ಆ ಹತ್ತು ಸಾವಿರವನ್ನು ಆಮೇಲೆ ಆಸ್ಪತ್ರೆಯ ಖಾತೆಗೇ ಕಟ್ಟಿ, ಐಪಿ ನಂಬರ್ ಇರುವ ರಸೀದಿಯನ್ನು ಮಂಡಿಯಲ್ಲಿ ಮಾವಿನ ತೂಕದ ಚೀಟಿ ಚುಚ್ಚುವ ಮೊಳೆಗೇ ಚುಚ್ಚಿದ್ದಾರೆ.

ಟೀ ಅಂಗಡಿ ಅಕ್ಕನಿಂದ 1930ಕ್ಕೆ ನಾನೇ ಫೋನ್ ಮಾಡಿಸಿದೆ. ಆದರೆ ಅಷ್ಟೊತ್ತಿಗೆ ಐದು ದಿನ ಕಳೆದಿತ್ತು, 2,000 ಬರಲಿಲ್ಲ. ಅಕ್ಕ ದುಡ್ಡಿನ ಬಗ್ಗೆ ಒಂದೇ ದಿನ ಬೇಜಾರು ಮಾಡಿಕೊಂಡರು. ಆಮೇಲೆ ದಿನಾ ಟೀ ತಂದಾಗ ಕೇಳುತ್ತಿದ್ದದ್ದು ಒಂದೇ: "ಆ ಮಗೂದು ಏನಾಯ್ತಂತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಪಟ್ಟಿಯ ಅಂಚಿನಲ್ಲಿ ಇಣುಕುತ್ತಿದ್ದ ಹಳೇ ನಂಬರಿನ ಆರು ಅಂಕಿ ಬರೆದಿಟ್ಟುಕೊಂಡು, ಲೆನ್ಸಿನಲ್ಲಿ ಹುಡುಕಿ, ನಾಲ್ಕನೇ ಸ್ಕ್ರೀನ್‌ಶಾಟಿಗೆ ಮೂಲ ವಿಡಿಯೋ ಸಿಕ್ಕಿತು. ನಂಬರಿನ ಕೊನೆಯ ಅಂಕಿಗಳು ತಾಳೆ ಆದವು. ಫೋನ್ ಮಾಡಿದರೆ ಒಬ್ಬ ಗಂಡಸು ಎತ್ತಿ, ನಾನು ಕೇಳುವ ಮುಂಚೆಯೇ ಐಪಿ ನಂಬರ್ ಹೇಳಲು ಶುರು ಮಾಡಿದರು. ಮಗು ಇನ್ನೂ ವಾರ್ಡಿನಲ್ಲೇ ಇತ್ತು.

ಅಕ್ಕ ಗಲ್ಲಾಪೆಟ್ಟಿಗೆ ಮುಚ್ಚಿ ಬಂದು 200 ರೂಪಾಯಿ ಹಾಕಿದರು. ಪಿನ್ ಒತ್ತುವ ಮುಂಚೆ ಫೋನನ್ನು ನನ್ನ ಕಡೆ ತಿರುಗಿಸಿ, "ಹೆಸ್ರು ಓದಣ್ಣ, ಆಸ್ಪತ್ರೆದೇನಾ?" ಅಂದರು.